ಬರುತ್ತದಂತೆ

ಅಂಗಡಿಗೆ ಇನ್ನೂ ಬಾರದ ಸಾಮಾನಿನಷ್ಟು ಗುಣವಂತ ಸಾಮಾನು ಲೋಕದಲ್ಲಿ ಇನ್ನೊಂದಿಲ್ಲ. ಅದರ ಬ್ಯಾಟರಿ ಇಳಿಯುವುದಿಲ್ಲ, ಪರದೆ ಒಡೆಯುವುದಿಲ್ಲ, ನಾವು ಕೊಂಡ ಮರುವಾರವೇ ಬೆಲೆ ಇಳಿದು ಹೊಟ್ಟೆ ಉರಿಸುವುದೂ ಇಲ್ಲ. ಗಂಡು ಗೊತ್ತುಮಾಡುವಾಗಿನ ವರನ ಹಾಗೆ ಅದು. ಜಾತಕ, ಫೋಟೊ, ನೆಂಟರ ಬಾಯಿಮಾತು ಇಷ್ಟರಲ್ಲೇ ಇರುವ ತನಕ ಅವನು ಕುಡಿಯುವವನೂ ಅಲ್ಲ, ಗೊರಕೆ ಹೊಡೆಯುವವನೂ ಅಲ್ಲ.

2009ರ ಕೊನೆಯಲ್ಲಿ ಇಂಥದೊಂದು ಸಾಮಾನಿಗಾಗಿ ಅಮೆರಿಕಕ್ಕೆ ಅಮೆರಿಕವೇ ಬಾಗಿಲು ಕಾಯುತ್ತಿತ್ತು. ಆಪಲ್ ಕಂಪನಿ ಟ್ಯಾಬ್ಲೆಟ್ ತರುತ್ತದಂತೆ ಎಂಬ ಗುಲ್ಲು. ಕಂಪನಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಜನಕ್ಕೆ ಅಷ್ಟೇ ಸಾಕಾಯಿತು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸುವವರು ಐಸ್ಲೇಟ್, ಐಟ್ಯಾಬ್ಲೆಟ್, ಐಗೈಡ್ ಎಂದು ನಾಮಕರಣವನ್ನೂ ಮುಗಿಸಿದರು. 2010ರ ಜನವರಿಯಲ್ಲಿ ಗಾಕರ್ ಎಂಬ ಗಾಸಿಪ್ ಸಂಸ್ಥೆ, ಆ ಟ್ಯಾಬ್ಲೆಟ್ಟನ್ನು ಒಂದು ಗಂಟೆ ಕೈಗೆ ಕೊಡಿಸಿದವರಿಗೆ ಒಂದು ಲಕ್ಷ ಡಾಲರ್ ಇನಾಮು ಎಂದು ಸಾರಿತು. ಆಪಲ್‌ನ ವಕೀಲರು ತಕ್ಷಣ ನೋಟಿಸು ಜಾರಿ ಮಾಡಿದರು. ಇಲ್ಲದ ವಸ್ತುವಿಗೆ ನೋಟಿಸು ಯಾಕೆ ಬೇಕು? ಊಹೆಯಲ್ಲೇ ಬದುಕಿದ್ದವರಿಗೆ ವಕೀಲರ ಕಾಗದವೇ ಮೊದಲ ಪುರಾವೆಯಾಗಿ ಸಿಕ್ಕಿತು.

ಆಗಿನ ಗಾಳಿಸುದ್ದಿಗಳನ್ನು ಈಗ ಜೋಡಿಸಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅವುಗಳಲ್ಲಿ ಯಂತ್ರದ ವಿವರ ಕಡಿಮೆ, ಹೇಳಿದವರ ಸಂಕಟವೇ ಹೆಚ್ಚು. ಜಾಹೀರಾತು ಕಳೆದುಕೊಂಡು ಕಂಗೆಟ್ಟಿದ್ದ ಪತ್ರಿಕೆಗಳ ಮಾಲೀಕರ ಪ್ರಕಾರ, ಈ ಹಲಗೆ ಬಂದರೆ ಓದುಗರು ಮತ್ತೆ ಕಾಸು ಕೊಟ್ಟು ಪತ್ರಿಕೆ ಓದುತ್ತಾರೆ. ಅಮೆಜಾನ್ ತನ್ನ ಕಿಂಡಲ್‌ನಲ್ಲಿ ಹೊಸ ಪುಸ್ತಕಗಳನ್ನೂ 9.99 ಡಾಲರಿಗೆ ಮಾರುತ್ತಿದೆ ಎಂದು ಒಳಗೊಳಗೇ ಕುದಿಯುತ್ತಿದ್ದ ಪ್ರಕಾಶಕರ ಪ್ರಕಾರ, ಇದು ಬರುವುದೇ ಅಮೆಜಾನಿನ ಸೊಕ್ಕು ಮುರಿಯಲು. ಚಿತ್ರ ಬಿಡಿಸುವವರ ಕಲ್ಪನೆಯಲ್ಲಿ ಅದಕ್ಕೊಂದು ಲೇಖನಿ ಇತ್ತು, ದೂರದಲ್ಲಿ ಮಕ್ಕಳಿರುವವರ ಕಲ್ಪನೆಯಲ್ಲಿ ಕ್ಯಾಮೆರಾ ಇತ್ತು. ಯಾರಿಗೆ ಎಲ್ಲಿ ನೋವೋ ಅಲ್ಲಿಗೆ ಮುಲಾಮು.

ಗುಲ್ಲು ಎದುರಾಳಿಗಳ ನಿದ್ದೆಯನ್ನೂ ಕೆಡಿಸಿತು. ಲಾಸ್ ವೇಗಸ್‌ನ ಮೇಳದಲ್ಲಿ ಮೈಕ್ರೋಸಾಫ್ಟಿನ ಸ್ಟೀವ್ ಬಾಮರ್, ಆಪಲ್‌ಗಿಂತ ಮೂರು ವಾರ ಮೊದಲೇ ಎಚ್‌ಪಿ ಕಂಪನಿಯ ಹಲಗೆಯೊಂದನ್ನು ಎತ್ತಿ ತೋರಿಸಿದರು. ಅದೇ ಮೈಕ್ರೋಸಾಫ್ಟ್ ಒಳಗೊಳಗೇ ಪುಸ್ತಕದಂತೆ ಮಡಚುವ, ಎರಡು ಪರದೆಯ 'ಕೊರಿಯರ್' ಎಂಬುದನ್ನು ರೂಪಿಸುತ್ತಿತ್ತು. ಅದರ ಚಿತ್ರಗಳು 2009ರಲ್ಲಿ ಸೋರಿಹೋಗಿದ್ದವು. ನೋಡಿದವರೆಲ್ಲ ಮಾರುಹೋದರು. 2010ರ ಏಪ್ರಿಲ್‌ನಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಕೊರಿಯರ್‌ನ ಹೆಸರು ಇವತ್ತಿಗೂ ಕೆಟ್ಟಿಲ್ಲ. ಅಂಗಡಿಗೆ ಬಂದಿದ್ದರೆ ತಾನೇ ಕೆಡುವುದು!

ಕೊನೆಗೂ 2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪರದೆ ಸರಿದು 'ಐಪ್ಯಾಡ್' ಕಾಣಿಸಿತು. ಅದರ ಹಿಂದಿನ ದಿನವೇ ಮೆಗ್ರಾ-ಹಿಲ್ ಪ್ರಕಾಶನದ ಮುಖ್ಯಸ್ಥರು ಟೀವಿಯಲ್ಲಿ ಕೂತು, ಟ್ಯಾಬ್ಲೆಟ್ ನಾಳೆ ಬರುತ್ತದೆ, ಐಫೋನಿನ ತಂತ್ರಾಂಶದ ಮೇಲೆಯೇ ನಡೆಯುತ್ತದೆ ಎಂದು ಗುಟ್ಟನ್ನು ರಟ್ಟು ಮಾಡಿದ್ದರು. ಹೊಟ್ಟೆಯಲ್ಲಿ ಮಾತು ನಿಲ್ಲದವರು ಎಲ್ಲ ದೇಶದಲ್ಲೂ ಇದ್ದಾರೆ. ವೇದಿಕೆಗೆ ಬಂದ ಆಪಲ್‌ನ ಸ್ಟೀವ್ ಜಾಬ್ಸ್, ವಾಲ್ ಸ್ಟ್ರೀಟ್ ಜರ್ನಲ್‌ನ ಚಟಾಕಿಯೊಂದನ್ನು ತಾವೇ ತೋರಿಸಿ ನಗಿಸಿದರು: ಹಲಗೆಯೊಂದಕ್ಕಾಗಿ ಜನ ಇಷ್ಟು ಕಾತರಿಸಿದ್ದು ಇದರ ಹಿಂದೆ ಒಂದೇ ಸಲ, ಅದರ ಮೇಲೆ ದೇವರ ಆಜ್ಞೆಗಳನ್ನು ಕೊರೆದಿದ್ದಾಗ.

ಆವತ್ತಿನ ನಿಜವಾದ ಚಮತ್ಕಾರ ನಡೆದದ್ದು ಬೆಲೆ ಹೇಳುವಾಗ. ಪಂಡಿತರೆಲ್ಲ ಸಾವಿರ ಡಾಲರಿಗೆ ಒಂದು ಕಡಿಮೆ ಎಂದು ಲೆಕ್ಕ ಹಾಕಿದ್ದರು. ಜಾಬ್ಸ್ ಆ ಮಾತನ್ನೇ ಎತ್ತಿಕೊಂಡು ಹಿಂದಿನ ದೊಡ್ಡ ಪರದೆಯ ಮೇಲೆ 999 ಎಂದು ಮೂಡಿಸಿ, ಅಲ್ಲೇ ನಿಲ್ಲಿಸಿ ಮಾತಾಡಿದರು. ಆಮೇಲೆ ಮೇಲಿನಿಂದ 499 ಎಂಬ ಅಂಕಿ ಧೊಪ್ಪೆಂದು ಬಿತ್ತು. ಕೆಳಗಿದ್ದ 999 ಗಾಜಿನಂತೆ ಚೂರುಚೂರಾಯಿತು. ಸಭೆ ಹೋ ಎಂದಿತು. ಐನೂರು ಡಾಲರು ಅಗ್ಗವೇನಲ್ಲ. ಆದರೆ ತಿಂಗಳುಗಟ್ಟಲೆ ಸಾವಿರ, ಸಾವಿರ ಎಂದು ಜಪಿಸಿದ ಕಿವಿಗೆ ಅದು ಅರ್ಧಕ್ಕರ್ಧ ರಿಯಾಯಿತಿಯಾಗಿ ಕೇಳಿಸಿತು. ಗಾಳಿಸುದ್ದಿಯನ್ನು ಕೂಲಿಯಿಲ್ಲದೆ ದುಡಿಸಿಕೊಳ್ಳುವುದೆಂದರೆ ಇದು.

ಮಾರನೆಯ ದಿನದಿಂದ ಗೊಣಗಾಟ. ಕ್ಯಾಮೆರಾ ಇಲ್ಲ, ಪೆನ್ ಡ್ರೈವ್ ಸಿಕ್ಕಿಸಲು ಜಾಗವಿಲ್ಲ, ಇದು ಉಬ್ಬಿದ ಐಫೋನು ಅಷ್ಟೇ! ಬೈದವರು ಬೈಯುತ್ತಿರುವಾಗಲೇ, ಏಪ್ರಿಲ್ 3ರಂದು ಮಾರಾಟಕ್ಕಿಟ್ಟ ಮೊದಲ ದಿನ ಮೂರು ಲಕ್ಷ ಐಪ್ಯಾಡ್‌ಗಳು ಖರ್ಚಾದವು. ಗೊಣಗಿದ್ದು ಯಂತ್ರದ ಮೇಲಲ್ಲ, ಮನಸ್ಸಿನಲ್ಲೇ ತಯಾರಿಸಿಕೊಂಡಿದ್ದ ಯಂತ್ರ ಬರಲಿಲ್ಲವಲ್ಲ ಎಂಬುದಕ್ಕೆ.

ನಮ್ಮ ದೇಶದ ಗುಲ್ಲಿನ ಜಾಡೇ ಬೇರೆ. ಅಲ್ಲಿನವರು ಅದು ಏನೇನು ಮಾಡುತ್ತದೆ ಎಂದು ಕಾದರು, ನಾವು ಎಷ್ಟಕ್ಕೆ ಸಿಗುತ್ತದೆ ಎಂದು ಕಾದೆವು. 2009ರ ಫೆಬ್ರುವರಿಯಲ್ಲಿ ಸರ್ಕಾರ ತಿರುಪತಿಯಲ್ಲಿ ಹತ್ತು ಡಾಲರಿನ ಲ್ಯಾಪ್‌ಟಾಪ್ ಬಿಡುಗಡೆ ಮಾಡುತ್ತದಂತೆ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಬಟ್ಟೆ ಸರಿಸಿದಾಗ ಕಂಡದ್ದು ಲ್ಯಾಪ್‌ಟಾಪ್ ಅಲ್ಲ, ಪಾಠಗಳನ್ನು ತುಂಬಿಡುವ ಪುಟ್ಟ ಸಾಧನ. ಮರುವರ್ಷ ಸಚಿವ ಕಪಿಲ್ ಸಿಬಲ್ 35 ಡಾಲರಿನ, ಅಂದರೆ ಸುಮಾರು 1,500 ರೂಪಾಯಿಯ ಟ್ಯಾಬ್ಲೆಟ್‌ನ ಮಾದರಿ ತೋರಿಸಿದರು. ದೇಶಕ್ಕೆ ದೇಶವೇ ಆ ಅಂಕಿಯನ್ನು ಬಾಯಿಪಾಠ ಮಾಡಿತು. 2011ರ ಅಕ್ಟೋಬರ್‌ನಲ್ಲಿ 'ಆಕಾಶ್' ಎಂಬ ಹೆಸರಿನಲ್ಲಿ ಅದು ಇಳಿದಾಗ ಸರ್ಕಾರಕ್ಕೆ ಬಿದ್ದ ಬೆಲೆ 2,250 ರೂಪಾಯಿಯ ಆಸುಪಾಸು. ಏಳಿಂಚಿನ ಪರದೆಗೆ ಬೆರಳು ಸೋಕಿದರೆ ಸಾಲದು, ಅದುಮಬೇಕು. ಒಳಗಿನ 366 ಮೆಗಾಹರ್ಟ್ಸ್ ಪ್ರೊಸೆಸರ್ ಪುಟ ತೆರೆಯುವುದಕ್ಕೇ ತಿಣುಕುತ್ತಿತ್ತು. ಇನ್ನೆರಡು ಸಾವಿರ ಸೇರಿಸಿದ್ದರೆ ಚೆನ್ನಾಗಿ ಬರುತ್ತಿತ್ತೇನೋ. ಆದರೆ ಸೇರಿಸುವಂತಿರಲಿಲ್ಲ. ಬೆಲೆ ಮೊದಲು ಹುಟ್ಟಿತ್ತು, ಯಂತ್ರವನ್ನು ಆಮೇಲೆ ಅದರೊಳಗೆ ತುರುಕಬೇಕಾಗಿತ್ತು. ಆಪಲ್ಲಿಗೆ ಗಾಳಿಸುದ್ದಿಯ ಬೆಲೆ ಏಣಿಯಾಯಿತು, ಆಕಾಶಕ್ಕೆ ಅದೇ ಬೇಲಿ.

ಬೆಂಗಳೂರಿಗೆ ಈ ಪಾಠ ಹೊಸದೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್, 2001ರಲ್ಲಿ ಮಾದರಿಯಾಗಿದ್ದಾಗಲೇ ಜಗತ್ತಿನ ಪತ್ರಿಕೆಗಳಲ್ಲಿ ಮೆರೆದಿತ್ತು. ಓದು ಬಾರದ ರೈತನಿಗೂ ಅವನ ಭಾಷೆಯಲ್ಲೇ ಉಲಿಯುವ ಅಂಗೈಯಗಲದ ಕಂಪ್ಯೂಟರ್, ಬೆಲೆ ಒಂಬತ್ತು ಸಾವಿರ ಎಂದು ಮಾತು. 2004ರಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬರುವ ಹೊತ್ತಿಗೆ ರೈತನ ಕೈಗೆ ಮೊಬೈಲು ಬರತೊಡಗಿತ್ತು.

ನನ್ನ ಸೋದರಮಾವ ನಿವೃತ್ತ ಮೇಷ್ಟ್ರು. ಟ್ಯಾಬ್ಲೆಟ್ ಕೊಳ್ಳುತ್ತೇನೆಂದು ಅವರು ವರ್ಷಗಳಿಂದ ಹೇಳುತ್ತಲೇ ಇದ್ದರು. ಒಮ್ಮೆ ಅಂಗಡಿಗೆ ಕರೆದುಕೊಂಡು ಹೋದೆ. ಹುಡುಗ ಗಾಜಿನ ಮೇಲೆ ನಾಲ್ಕು ಬಗೆ ಇಟ್ಟ. ಮಾವ ಒಂದೊಂದನ್ನೂ ಎತ್ತಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತಿರುಗಿಸಿ ಕೆಳಗಿಟ್ಟರು.

"ಮುಂದಿನ ತಿಂಗಳು ಹೊಸದು ಬರುತ್ತಂತಲ್ಲಯ್ಯ? ಅಕ್ಷರ ಇನ್ನೂ ದಪ್ಪ ಕಾಣುತ್ತಂತೆ. ಕಣ್ಣಿಗೆ ಆಯಾಸವೇ ಇಲ್ಲವಂತೆ."

"ಬರುತ್ತೆ ಸರ್, ತಿಂಗಳಿಗೊಂದು ಬರುತ್ತೆ. ಅಕ್ಷರ ಇದರಲ್ಲೇ ದಪ್ಪ ಮಾಡಬಹುದು" ಎಂದು ಹುಡುಗ ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದ.

"ಆದರೂ ಮಸುಕು ಕಣಯ್ಯ" ಎಂದು ಮಾವ ಎದ್ದರು.

ಕಣ್ಣಿನ ಡಾಕ್ಟರು ಪೊರೆ ತೆಗೆಸಿ ಎಂದು ಹೇಳಿ ಆಗಲೇ ಬಹಳ ಕಾಲವಾಗಿತ್ತು ಎಂಬುದು ಅತ್ತೆಯ ಬಾಯಿಂದ ಆಮೇಲೆ ತಿಳಿಯಿತು. ಮಾವನಿಗೆ ಆಪರೇಷನ್ ಎಂದರೆ ಭಯ. ಹಾಗಾಗಿ ಕಣ್ಣು ಸರಿಹೋಗುವ ಬದಲು ಟ್ಯಾಬ್ಲೆಟ್ ಸರಿಹೋಗಲಿ ಎಂದು ಕಾಯುತ್ತಿದ್ದರು.

ಅಂದಿನಿಂದ ಯಾರಾದರೂ ಬಂದು ಹೊಸ ಯಂತ್ರದ ಗುಣಗಾನ ಶುರುಮಾಡಿದರೆ ನಾನು ಯಂತ್ರದ ಬಗ್ಗೆ ಏನೂ ಕೇಳುವುದಿಲ್ಲ. ಬ್ಯಾಟರಿ ಮೂರು ದಿನ ಬರುತ್ತದಂತೆ ಎನ್ನುವವನಿಗೆ "ಊರಲ್ಲಿ ಕರೆಂಟಿನ ಪಾಡು ಹೇಗಿದೆ?" ಎನ್ನುತ್ತೇನೆ. ಕಾಗದದಷ್ಟು ಹಗುರವಂತೆ ಎನ್ನುವವನಿಗೆ "ಭುಜದ ನೋವು ಹೇಗಿದೆ?" ಎನ್ನುತ್ತೇನೆ. ಉತ್ತರ ಉದ್ದವಾಗಿ ಬರುತ್ತದೆ. ಟ್ಯಾಬ್ಲೆಟ್ಟಿನ ಸುದ್ದಿ ಅಲ್ಲಿಗೇ ಮರೆತುಹೋಗುತ್ತದೆ.