ಹಳೆಯ ಪಟ್ಟಿ, ಹೊಸ ಪ್ರೊಸೆಸರ್

ಜಹೀರಾಬಾದಿನ ಆ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ಹೊಲಿಗೆ ಯಂತ್ರದ ಪಕ್ಕದಲ್ಲಿ. ತಂದೆ ದರ್ಜಿ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆ ವರ್ಷವಷ್ಟೇ ಇಂಗ್ಲಿಷ್ ಮಾಧ್ಯಮದ ಇಂಟರ್‌ಮೀಡಿಯೆಟ್ ವಿಜ್ಞಾನ ತರಗತಿಗೆ ಸೇರಿದ್ದಳು. ಯಾರೋ ಬಳಸಿ ಬಿಟ್ಟ ಯಂತ್ರವದು. ಪಾಠದ ವಿಡಿಯೊ ಹಾಕಿದರೆ ಚಿತ್ರ ಹಿಂದೆ ಬಿದ್ದು ಧ್ವನಿ ಮುಂದೆ ಓಡುತ್ತಿತ್ತು. ಸೋದರಮಾವ ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವರು. ಅಲ್ಲಿ ಮೂಲೆಗೆ ಸೇರಿದ್ದ ಕಂಪ್ಯೂಟರಿನ ಪ್ರೊಸೆಸರನ್ನು ಹಣ ಕೊಟ್ಟು ಪಡೆದು, ಹತ್ತಿಯಲ್ಲಿ ಸುತ್ತಿ, ವಿಕಾರಾಬಾದಿನಲ್ಲಿ ರೈಲು ಬದಲಿಸಿ ತಂದರು. ಇಂಟೆಲ್ ಕೋರ್ 2 ಡ್ಯುಯೊ ಇ8400. ಅದರ ಲೋಹದ ಮುಚ್ಚಳದ ಮೇಲೆ 3 ಗಿಗಾಹರ್ಟ್ಸ್ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ಕೂಡಿಸಿ ಚಾಲು ಮಾಡಿದಾಗ ಕಪ್ಪು ಪರದೆಯ ಮೇಲೆ ಮೂಡಿದ್ದು ‘ಅನ್‌ನೋನ್ ಸಿಪಿಯು’ ಎಂಬ ಎರಡು ಪದ. ಅದರ ಮುಂದೆ ವೇಗ, 2 ಗಿಗಾಹರ್ಟ್ಸ್.

“ಮೂರರದು ಅಂತ ಹೇಳಿ ಎರಡರದು ಕೊಟ್ಟಾರ. ನಿನಗ ಟೋಪಿ ಹಾಕ್ಯಾರ ನೋಡು” ಎಂದರು ತಂದೆ. ಭಾವನ ಮಾತಿಗೆ ಸೋದರಮಾವನ ಬಳಿ ಉತ್ತರವಿರಲಿಲ್ಲ.

ಅದೇ ವಾರ ಕಾಲೇಜಿನ ಮೊದಲ ಕಿರುಪರೀಕ್ಷೆಯ ಅಂಕಗಳೂ ಬಂದವು. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಮುಂದಿದ್ದ ಹುಡುಗಿ ಭೌತಶಾಸ್ತ್ರದಲ್ಲಿ ತೇರ್ಗಡೆಯಾಗಿರಲಿಲ್ಲ. ‘ಕನ್ನಡದಾಗ ಓದಿದಾಕಿಗೆ ಸೈನ್ಸ್ ಯಾಕ ಬೇಕಿತ್ತು’ ಎಂಬ ಮಾತು ಓಣಿಯಲ್ಲಿ ಹುಟ್ಟಿ ಮನೆಯೊಳಗೂ ಬಂದಿತು. ಪ್ರೊಸೆಸರನ್ನು ತಾಂಡೂರಿಗೆ ಹಿಂದಿರುಗಿಸುವುದು, ಮಗಳನ್ನು ವಿಜ್ಞಾನದಿಂದ ಬಿಡಿಸುವುದು: ಎರಡು ತೀರ್ಮಾನಗಳೂ ಹೆಚ್ಚುಕಡಿಮೆ ಆಗಿಹೋಗಿದ್ದವು. ಹುಡುಗಿ ಕೇಳಿದ್ದು ಒಂದೇ ಒಂದು ಭಾನುವಾರ. ನಾರಾಯಣಖೇಡದಲ್ಲಿ ದೊಡ್ಡಪ್ಪನ ಮಗನ ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು; ಯಂತ್ರವನ್ನು ಒಮ್ಮೆ ಅಣ್ಣನಿಗೆ ತೋರಿಸಿ ಬರೋಣವೆಂದಳು.

ಅಣ್ಣ ತಿರುಪು ಬಿಚ್ಚುವ ಮೊದಲು ಪ್ರಶ್ನೆ ಕೇಳಿದ. “ಇದು ಎರಡರದು ಅಂತ ಹೇಳಿದವರು ಯಾರು?” ಪರದೆ, ಎಂದರು ತಂದೆ. “ಮುಚ್ಚಳ ಏನಂತದ? ವಿಂಡೋಸ್ ಏನಂತದ?” ಅದನ್ನು ಯಾರೂ ಕೇಳಿರಲಿಲ್ಲ. ವಿಂಡೋಸ್ ತೆರೆದು ನೋಡಿದರೆ ಅಲ್ಲಿ ಇ8400, 3 ಗಿಗಾಹರ್ಟ್ಸ್ ಎಂದೇ ಹೆಸರಿತ್ತು. ಮಗ್ಗುಲಲ್ಲಿ ಓಡುತ್ತಿರುವ ವೇಗ ಮಾತ್ರ 2 ಎಂದಿತ್ತು. ಮೂವರು ಸಾಕ್ಷಿಗಳಲ್ಲಿ ಇಬ್ಬರು ಪ್ರೊಸೆಸರಿನ ಪರ, ಒಬ್ಬ ವಿರುದ್ಧ.

ಪ್ರೊಸೆಸರಿಗೆ ತನ್ನ ಹೆಸರು ತಾನೇ ಹೇಳಿಕೊಳ್ಳುವ ಶಕ್ತಿಯಿದೆ. 1993ರ ಪೆಂಟಿಯಂ ಕಾಲದಿಂದ ‘ಸಿಪಿಯುಐಡಿ’ ಎಂಬ ಆದೇಶವೊಂದು ಬಳಕೆಯಲ್ಲಿದೆ. ಅದನ್ನು ಕೊಟ್ಟರೆ ಪ್ರೊಸೆಸರ್ ತನ್ನ ವಂಶ, ಮಾದರಿ, ಆವೃತ್ತಿಗಳನ್ನು ಸಂಖ್ಯೆಗಳಲ್ಲಿ ತಿಳಿಸುತ್ತದೆ. ವಿಂಡೋಸ್ ತೋರಿಸಿದ ಹೆಸರು ಹೀಗೆ ಪ್ರೊಸೆಸರಿನ ಬಾಯಿಂದಲೇ ಬಂದದ್ದು. ಆರಂಭದ ಪರದೆಯನ್ನು ಬರೆಯುವುದು ಮದರ್‌ಬೋರ್ಡಿನ ಬಯಾಸ್. ಅದು ಪ್ರೊಸೆಸರ್ ಹೇಳಿದ ಸಂಖ್ಯೆಯನ್ನು ತನ್ನೊಳಗಿನ ಪಟ್ಟಿಯಲ್ಲಿ ಹುಡುಕುತ್ತದೆ. ಪಟ್ಟಿಯಲ್ಲಿ ಸಿಗದಿದ್ದರೆ ಬಂದವನು ಅಪರಿಚಿತ.

ಆದರೂ ಅಣ್ಣ ಅಷ್ಟಕ್ಕೇ ತೀರ್ಪು ಕೊಡಲಿಲ್ಲ, ಲೆಕ್ಕ ಹಾಕಿಸಿದ. ಪ್ರೊಸೆಸರಿನ ವೇಗವೆಂದರೆ ಬೋರ್ಡಿನ ಮೂಲ ತಾಳವನ್ನು ಒಂದು ಗುಣಕದಿಂದ ಗುಣಿಸಿದ್ದು. ಇ8400ಗೆ ತಾಳ 333 ಮೆಗಾಹರ್ಟ್ಸ್, ಗುಣಕ 9. ಗುಣಿಸಿದರೆ ಸುಮಾರು 3000. ಗುಣಕ 6 ಆದರೆ ಸುಮಾರು 2000. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಪ್ರೊಸೆಸರ್ ತಾನಾಗಿಯೇ ಗುಣಕವನ್ನು 6ಕ್ಕೆ ಇಳಿಸಿಕೊಳ್ಳುತ್ತದೆ. ಎಷ್ಟೋ ಮಂದಿ ಇದನ್ನೇ ಕಂಡು ಮೋಸಹೋದೆವೆಂದು ಗಾಬರಿಯಾಗುವುದುಂಟು. ಆದ್ದರಿಂದ ಭಾರದ ಕೆಲಸ ಕೊಟ್ಟು ನೋಡಬೇಕು. ಕೊಟ್ಟರು, ಗುಣಕ 6 ಬಿಟ್ಟು ಮೇಲೇಳಲಿಲ್ಲ. ಅಂದರೆ ಇದು ವಿಶ್ರಾಂತಿಯಲ್ಲ, ಕಟ್ಟುಪಾಡು.

ಕಟ್ಟುಪಾಡಿನ ಕಾರಣ ಬಯಾಸಿನ ದಿನಾಂಕದಲ್ಲಿತ್ತು. ಅದರ ಆವೃತ್ತಿ 2007ರದು. ಇ8400 ಮಾರುಕಟ್ಟೆಗೆ ಬಂದದ್ದು 2008ರ ಜನವರಿಯಲ್ಲಿ. ಪಟ್ಟಿ ಬರೆದಾಗ ಈ ಪ್ರೊಸೆಸರ್ ಇನ್ನೂ ಹುಟ್ಟಿರಲಿಲ್ಲ. ಬಂದವನ ಗುಣಕವನ್ನು 9ಕ್ಕೆ ಏರಿಸುವ ಬಗೆ ಅರಿಯದ ಬೋರ್ಡು ಅವನನ್ನು 6ರಲ್ಲೇ ನಿಲ್ಲಿಸಿಬಿಟ್ಟಿತ್ತು.

“ಶಾಲೆಯ ಪ್ರಶ್ನೆಪತ್ರಿಕೆ ನುಡಿ ತಂತ್ರಾಂಶದಾಗ ಬರೆದದ್ದು ನಿನ್ನ ಮೊಬೈಲಿನಾಗ ತೆರೆದರ ಏನು ಕಾಣ್ತದ?” ಎಂದು ಅಣ್ಣ ಕೇಳಿದ. ಹುಡುಗಿ ನಕ್ಕಳು. ಹಳೆಯ ನುಡಿ ಅಕ್ಷರಶೈಲಿಯ ಕಡತವನ್ನು ಆ ಅಕ್ಷರಪಟ್ಟಿಯಿಲ್ಲದ ಯಂತ್ರದಲ್ಲಿ ತೆರೆದರೆ ಅಚ್ಚಗನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಬರೆದವರ ತಪ್ಪಲ್ಲ, ಓದುವ ಯಂತ್ರದ ಕೊರತೆ.

ಪರಿಹಾರ ಕಷ್ಟದ್ದಲ್ಲ, ಎಚ್ಚರದ್ದು. ಬೋರ್ಡಿನ ಮೇಲೆ ಅಚ್ಚಾದ ಮಾದರಿ, ಆವೃತ್ತಿಗಳನ್ನು ಅಕ್ಷರ ಬಿಡದಂತೆ ಬರೆದುಕೊಂಡರು. ತಯಾರಕರ ಪಟ್ಟಿಯಲ್ಲಿ ಇ8400ಕ್ಕೆ ಯಾವ ಬಯಾಸ್ ಬೇಕೆಂದು ನೋಡಿ ಅದನ್ನೇ ಪೆನ್‌ಡ್ರೈವಿಗೆ ಇಳಿಸಿದರು. ಹೊಸದನ್ನು ತೆಗೆದು, ಬೋರ್ಡು ಗುರುತಿಸುವ ಹಳೆಯ ಪ್ರೊಸೆಸರನ್ನೇ ಮತ್ತೆ ಕೂಡಿಸಿದರು. ಬಯಾಸ್ ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತುಹೋಗಬಹುದಾದ್ದರಿಂದ ಯುಪಿಎಸ್ ಹಚ್ಚಿದರು. ಆ ಕೆಲವು ನಿಮಿಷ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಬರೆದು ಮುಗಿದ ಮೇಲೆ ತಾಂಡೂರಿನ ಪ್ರೊಸೆಸರನ್ನು ಪುನಃ ಕೂಡಿಸಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಬಯಾಸಿನ ಮೂಲ ಹೊಂದಿಕೆಗಳನ್ನು ಮರಳಿ ತಂದು ಚಾಲು ಮಾಡಿದರು. ಪರದೆಯ ಮೇಲೆ ಇ8400, 3 ಗಿಗಾಹರ್ಟ್ಸ್ ಎಂದು ಬಂದಿತು. ಪ್ರೊಸೆಸರಿನೊಳಗೆ ಏನೊಂದೂ ಬದಲಾಗಿರಲಿಲ್ಲ.

ಇಂಥ ತಪ್ಪೋದು ಆ ಒಂದು ಬೋರ್ಡಿನದಷ್ಟೇ ಅಲ್ಲ. 2001ರಲ್ಲಿ ಬಂದ ಅಥ್ಲಾನ್ ಎಕ್ಸ್‌ಪಿ 1800+ ಪ್ರೊಸೆಸರಿನ ವೇಗ 1533 ಮೆಗಾಹರ್ಟ್ಸ್. ಬೋರ್ಡಿನ ತಾಳ 133ರ ಬದಲು 100ರಲ್ಲೇ ಉಳಿದಿದ್ದರೆ ಅದೇ ಪ್ರೊಸೆಸರ್ 1150 ಎಂದು ಕಾಣುತ್ತಿತ್ತು. 2018ರಲ್ಲಿ ಎಎಂ4 ಬೋರ್ಡುಗಳು ಹೊಸ ರೈಜೆನ್‌ಗಳನ್ನು ಗುರುತಿಸದಿದ್ದಾಗ, ಬಯಾಸ್ ನವೀಕರಿಸಿಕೊಳ್ಳಲೆಂದೇ ಎಎಂಡಿ ಸಂಸ್ಥೆ ಗ್ರಾಹಕರಿಗೆ ಬೇರೆ ಪ್ರೊಸೆಸರನ್ನು ಕೈಗಡವಾಗಿ ಕಳುಹಿಸಿಕೊಡುತ್ತಿತ್ತು.

ಪಟ್ಟಿಯ ಮಹಿಮೆ ಈ ನೆಲದವರಿಗೆ ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಅಧಿನಿಯಮ ಆ ವರ್ಷದ ನವೆಂಬರ್ 1ರಂದು ಜಾರಿಗೆ ಬಂದಾಗ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ, ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ಆಂಧ್ರ ಪ್ರದೇಶಕ್ಕೆ ಸೇರಿದವು, 2014ರಲ್ಲಿ ತೆಲಂಗಾಣವಾದವು. ಪಟ್ಟಿ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಅದೇ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದರ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಆಚೆಗಿನ ದಾಟು ಮಕ್ಕಳದ್ದು, ಮನೆಯವರದ್ದು.

ನಾರಾಯಣಖೇಡದಿಂದ ಮರಳುವ ಬಸ್ಸಿನಲ್ಲಿ ಹುಡುಗಿ ತನ್ನ ಉತ್ತರಪತ್ರಿಕೆಯನ್ನು ಚೀಲದಿಂದ ತೆಗೆದಳು. ಅಣ್ಣ ಕೇಳಿದಂತೆಯೇ ತಾನೂ ಕೇಳಿಕೊಂಡಳು: ತಪ್ಪು ಎಲ್ಲಿದೆ, ಗೊತ್ತಿಲ್ಲದ್ದರಲ್ಲೋ, ಗೊತ್ತಿದ್ದದ್ದನ್ನು ಗುರುತಿಸದಿದ್ದರಲ್ಲೋ? ತಪ್ಪಿದ ಆರು ಪ್ರಶ್ನೆಗಳಲ್ಲಿ ನಾಲ್ಕು ಅವಳು ಕನ್ನಡದಲ್ಲಿ ಚೆನ್ನಾಗಿ ಬಲ್ಲ ವಿಷಯಗಳೇ ಆಗಿದ್ದವು. ಎರಡು ಮಾತ್ರ ನಿಜವಾಗಿ ಬಾರದವು. ಅವನ್ನು ಪಟ್ಟಿಯ ಮೇಲೆ ಹೊರಿಸುವಂತಿರಲಿಲ್ಲ, ಕುಳಿತು ಕಲಿಯಬೇಕಿತ್ತು.

ಮರುದಿನ ಅವಳು ಉದ್ದನೆಯ ನೋಟುಪುಸ್ತಕದಲ್ಲಿ ಮೂರು ಅಂಕಣ ಎಳೆದಳು: ಶಾಲೆಯ ಕನ್ನಡ, ಗೆಳತಿಯರ ತೆಲುಗು, ಕಾಲೇಜಿನ ಇಂಗ್ಲಿಷ್. ವೇಗೋತ್ಕರ್ಷ, ತ್ವರಣಂ, ಆಕ್ಸಲರೇಶನ್. ಸಂವೇಗ, ದ್ರವ್ಯವೇಗಂ, ಮೊಮೆಂಟಮ್. ಜಡತ್ವ, ಜಡತ್ವಂ, ಇನರ್ಷಿಯಾ. ದಿನಕ್ಕೆ ಹತ್ತು ಪದ ಸೇರುತ್ತಾ ಹೋದವು.

ಮುಂದಿನ ಕಿರುಪರೀಕ್ಷೆಯಲ್ಲಿ ಅವಳು ತರಗತಿಗೆ ಮೊದಲಿಗಳೇನೂ ಆಗಲಿಲ್ಲ, ತೇರ್ಗಡೆಯಾದಳು. ಪ್ರೊಸೆಸರನ್ನು ಹಿಂದಿರುಗಿಸುವ ಮಾತು ನಾರಾಯಣಖೇಡದಲ್ಲೇ ಮುಗಿದಿತ್ತು. ವಿಜ್ಞಾನ ಬಿಡಿಸುವ ಮಾತನ್ನು ತಂದೆ ಆಮೇಲೆ ಎತ್ತಲಿಲ್ಲ. ಸೋದರಮಾವನಿಗೆ ಫೋನು ಮಾಡಿ, “ಮಾಲು ಖರೇದೇ ಇತ್ತು, ನಾನೇ ಅವಸರ ಮಾಡಿದೆ” ಎಂದರು. ಈಗ ರಾತ್ರಿ ಹೊಲಿಗೆ ಮುಗಿದ ಮೇಲೆ ಅವರು ಆ ನೋಟುಪುಸ್ತಕ ಹಿಡಿದು ಕೂಡುತ್ತಾರೆ. ಕನ್ನಡದ ಅಂಕಣವನ್ನು ಅವರು ಓದುತ್ತಾರೆ. ಉಳಿದೆರಡನ್ನು ಮಗಳು ಹೇಳುತ್ತಾಳೆ.