ಮುದ್ದೆಮಾಲು ನಂಬರ್ 1

ನನ್ನಪ್ಪ ಕೋರ್ಟಿನಲ್ಲಿ ಆಡಿದ್ದು ಎರಡೇ ಶಬ್ದ: ‘ಎಂಕ್ ಗೊತ್ತುಜ್ಜಿ.’ ನನಗೆ ಗೊತ್ತಿಲ್ಲ ಅಂತ. ತುಳುವಿನ ಆ ಎರಡು ಶಬ್ದ ಟೈಪಾಗುವಾಗ ‘ಸದರಿ ಘಟನೆಯ ಬಗ್ಗೆ ನನಗೆ ಏನೂ ತಿಳಿದಿರುವುದಿಲ್ಲ’ ಎಂದು ಉದ್ದವಾಯಿತು. ಸರಕಾರಿ ವಕೀಲರು ಎದ್ದು, ಈ ಸಾಕ್ಷಿ ಪ್ರತಿಕೂಲ ಅಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಆಗ ಬಿ.ಎ. ಮುಗಿದಿತ್ತು. ನಾಲ್ಕು ಪದ್ಯ ಅಚ್ಚಾಗಿದ್ದವು. ಅಂಬೇಡ್ಕರ್ ಜಯಂತಿಗೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಅಪ್ಪನ ಮುಖ ನೋಡಲಿಕ್ಕೆ ನನಗೆ ನಾಚಿಕೆಯಾಯಿತು.

ನಡೆದದ್ದು ಇಷ್ಟು. 2017ರ ಬೇಸಿಗೆ, ಕಡಬದ ಕಡೆಯ ಒಂದು ಅಡಿಕೆ ತೋಟ. ಕಡಬ ಆಗ ಇನ್ನೂ ಪುತ್ತೂರು ತಾಲೂಕಿನೊಳಗೇ ಇತ್ತು. ಅಂಗಳದಲ್ಲಿ ಒಣಹಾಕಿದ ಅಡಿಕೆಯಲ್ಲಿ ಅರ್ಧ ಗೋಣಿ ಕಡಿಮೆ ಬಂತು ಅಂತ ನಮ್ಮ ಕಾಲನಿಯ ಹುಡುಗನೊಬ್ಬನನ್ನು ಹಿಡಿದು ತೆಂಗಿನ ಮರಕ್ಕೆ ಕಟ್ಟಿದರು. ಜಾತಿ ಹಿಡಿದು ಬೈದರು. ಸಂಜೆಯವರೆಗೆ ಹೊಡೆದರು. ಅವನಿಗೆ ಹತ್ತೊಂಬತ್ತು ವರ್ಷ. ಅವನು ಅಡಿಕೆ ಕದ್ದಿದ್ದನೋ ಇಲ್ಲವೋ ನಾನು ಹೇಳಲಾರೆ. ಕದ್ದಿದ್ದರೂ ಅದಕ್ಕೆ ಅಂದಿನ ದಂಡ ಸಂಹಿತೆಯ 379ನೇ ಸೆಕ್ಷನ್ ಇತ್ತು, ಹೆಚ್ಚೆಂದರೆ ಮೂರು ವರ್ಷ ಜೈಲು. ಅದನ್ನು ಕೊಡಬೇಕಾದವರು ಮ್ಯಾಜಿಸ್ಟ್ರೇಟರು. ಮರಕ್ಕೆ ಕಟ್ಟು ಅಂತ ಯಾವ ಸೆಕ್ಷನ್ನೂ ಹೇಳುವುದಿಲ್ಲ. ಅಪ್ಪ ಆ ದಿನ ಅದೇ ತೋಟದಲ್ಲಿ ಕೂಲಿಗಿದ್ದ.

ದೂರು ಕೊಡಲಿಕ್ಕೆ ಐದು ಜನ ಹೋದೆವು. ಮೊದಲ ದಿನ ‘ಮಾತಾಡಿ ಮುಗಿಸಿಕೊಳ್ಳಿ ಮಾರಾಯ್ರೆ’ ಅಂದರು. ಎರಡನೇ ದಿನ ಸಾಹೇಬರಿಲ್ಲ ಅಂದರು. ಮೂರನೇ ದಿನ ಸಂಘಟನೆಯ ಅಣ್ಣನೊಬ್ಬ ನಮ್ಮ ಜೊತೆ ಬಂದು, 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ ತೆಗೆದು ಗಟ್ಟಿಯಾಗಿ ಓದಿದ: ಈ ಕಾಯ್ದೆಯಡಿ ಮಾಡಬೇಕಾದ ಕರ್ತವ್ಯವನ್ನು ಬೇಕೆಂದೇ ಕಡೆಗಣಿಸಿದ, ಪರಿಶಿಷ್ಟನಲ್ಲದ ಸರಕಾರಿ ನೌಕರನಿಗೆ ಆರು ತಿಂಗಳಿನಿಂದ ಒಂದು ವರ್ಷ ಜೈಲು. ಅರ್ಧ ಗಂಟೆಯಲ್ಲಿ ಎಫ್.ಐ.ಆರ್. ಆಯಿತು. ಪ್ರತಿಯೂ ಪುಕ್ಕಟೆ ಸಿಕ್ಕಿತು. ಇಂಥ ಕೇಸಿನ ತನಿಖೆಗೆ ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆ ಇಲ್ಲದವರೇ ಬರಬೇಕು, ಬಂದರು. ಕಟ್ಟಿದ ಬಳ್ಳಿಯನ್ನು ವಶಪಡಿಸಿ, ಪಂಚರ ಸಹಿ ಹಾಕಿಸಿ, ಮಹಜರು ಬರೆದರು. ಅಪ್ಪನ ಹೇಳಿಕೆಯನ್ನೂ ಬರೆದುಕೊಂಡರು. ಅಪ್ಪ ಅವತ್ತು ಯಾರು ಕಟ್ಟಿದ್ದು, ಯಾರು ಹೊಡೆದದ್ದು, ಎಲ್ಲ ಹೇಳಿದ್ದ. ಎಲ್ಲ ಅಂತ ನಾನು ತಿಳಿದಿದ್ದೆ.

ಗೆಳೆಯರೇ, ಕ್ರಿಮಿನಲ್ ಕೇಸು ಅಂದರೆ ಎಂತದು ಅಂತ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅದು ಹುಡುಗನಿಗೂ ಧನಿಗೂ ಇರುವ ಜಗಳ ಅಂತಲೇ ಎಲ್ಲರ ಲೆಕ್ಕ. ಕಡತದ ಮೇಲೆ ನೋಡಿದರೆ ಹುಡುಗನ ಹೆಸರೇ ಇಲ್ಲ. ಒಂದು ಕಡೆ ಕರ್ನಾಟಕ ರಾಜ್ಯ, ಇನ್ನೊಂದು ಕಡೆ ಆರೋಪಿಗಳು. ಪೆಟ್ಟು ತಿಂದವನು ಅಲ್ಲಿ ಬರೀ ಒಬ್ಬ ಸಾಕ್ಷಿ. ಅವನ ಬೆನ್ನಿನ ಮೇಲೆ ಬಿದ್ದದ್ದು ಇಡೀ ಸಮಾಜದ ಮೇಲೆ ಬಿದ್ದ ಪೆಟ್ಟು ಅಂತ ಕಾನೂನಿನ ಅರ್ಥ. ಒಳ್ಳೆಯ ಅರ್ಥವೇ. ಹಾಗಾಗಿ ದೌರ್ಜನ್ಯ ಕಾಯ್ದೆಯ ಅಪರಾಧವನ್ನು ಇಬ್ಬರೂ ಕೂತು ರಾಜಿ ಮಾಡಿಕೊಂಡರೆ ಮುಗಿಯುವುದಿಲ್ಲ. ಆದರೆ ಧನಿಯ ಚಾವಡಿಗೆ ಈ ಕಾನೂನು ಗೊತ್ತಿಲ್ಲ. ಅಲ್ಲಿ ಮೂರು ಸಲ ರಾಜಿಗೆ ಕರೆದರು. ಒಮ್ಮೆ ದೈವದ ಎದುರು ಆಣೆ ಹಾಕುವ ಅಂದರು. ನಮ್ಮ ಊರಿನ ಹಳೆಯ ಕೋರ್ಟು ಅದೇ ತಾನೆ.

ಇನ್ನೊಂದು ವಿಷಯ, ಇದನ್ನು ಊರಿನ ಮಾಸ್ತರರು ಮಕ್ಕಳಿಗೆ ಹೇಳಿಕೊಟ್ಟರೆ ಉಪಕಾರವಾದೀತು. ಪೊಲೀಸರ ಮುಂದೆ ಹೇಳಿದ್ದು ಸಾಕ್ಷ್ಯವಲ್ಲ. ಆ ಹೇಳಿಕೆಗೆ ಸಹಿಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಹಳೆಯ ಕಾನೂನಿನಲ್ಲಿ ಅದು 161, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 180. ನ್ಯಾಯಾಧೀಶರ ಎದುರು ಕಟಕಟೆಯಲ್ಲಿ ನಿಂತು ಹೇಳಿದ್ದೇ ಸಾಕ್ಷ್ಯ. ಮೊದಲು ಸರಕಾರಿ ವಕೀಲರು ಕೇಳುತ್ತಾರೆ, ಆಮೇಲೆ ಆ ಕಡೆಯ ವಕೀಲರ ಪಾಟೀ ಸವಾಲು. ‘ನಾನು ಅವತ್ತೇ ಹೇಳಿದ್ದೇನಲ್ಲ ಸ್ವಾಮಿ’ ಅಂದರೆ ನಡೆಯುವುದಿಲ್ಲ. ಕೇಸಿನ ಉಸಿರು ಆ ಕಟಕಟೆಯ ಹತ್ತು ನಿಮಿಷದಲ್ಲಿದೆ. ಧನಿಗಳಿಗೆ ಇದು ಗೊತ್ತುಂಟು. ನಮಗೆ ಗೊತ್ತಿಲ್ಲ.

ಸಮನ್ಸು ಬಂದದ್ದು 2021ರಲ್ಲಿ. ಚಾರ್ಜ್‌ಶೀಟು ಸಲ್ಲಿಸಿ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅಂತ 2015ರ ತಿದ್ದುಪಡಿ ಹೇಳುತ್ತದೆ, ‘ಸಾಧ್ಯವಾದಷ್ಟು ಮಟ್ಟಿಗೆ’ ಅಂತ ಒಂದು ಮಾತು ಸೇರಿಸಿ. ಆ ಒಂದು ಮಾತಿನೊಳಗೆ ನಮ್ಮ ನಾಲ್ಕು ವರ್ಷ ಹೋಯಿತು. ಸಾಕ್ಷಿಯವನಿಗೆ ಬಸ್ ಚಾರ್ಜು, ದಿನದ ಕೂಲಿ ಕೊಡಬೇಕೆಂದು 1995ರ ನಿಯಮಗಳಲ್ಲಿದೆ. ಅದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮೊದಲ ಎರಡು ವಾಯಿದೆಗೆ ಸ್ವಂತ ಕಾಸಿನಲ್ಲಿ ಹೋಗಿ ಬಂದೆವು.

ಮೂರನೇ ವಾಯಿದೆಯ ಹಿಂದಿನ ರಾತ್ರಿ ನಾನು ಅಪ್ಪನನ್ನು ಕೂರಿಸಿ ಪಾಠ ಮಾಡಿದೆ. ಕಂಡದ್ದು ಕಂಡ ಹಾಗೆ ಹೇಳು, ತಲೆ ಎತ್ತಿ ನಿಲ್ಲು, ಕೈ ಮುಗಿಯಬೇಡ. ಅಪ್ಪ ಬೀಡಿ ಸೇದುತ್ತಾ ಹೂಂ ಹೂಂ ಅಂದ. ಮರುದಿನ ಮೊದಲ ಬಸ್ಸಿಗೆ ಹೊರಟೆವು. ಮಧ್ಯಾಹ್ನ ಹನ್ನೆರಡಕ್ಕೆ ಜವಾನ ಅಪ್ಪನ ಹೆಸರನ್ನು ಮೂರು ಸಲ ಕೂಗಿದ. ಅಷ್ಟು ಗಟ್ಟಿಯಾಗಿ ಆ ಹೆಸರನ್ನು ಯಾರೂ ಕರೆದದ್ದಿಲ್ಲ. ತೋಟದಲ್ಲಿ ಅವನು ಬರೀ ‘ಏಯ್’. ಮೇಜಿನ ಮೇಲೆ ಬಳ್ಳಿ ಇತ್ತು, ಚೀಟಿ ಅಂಟಿಸಿದ್ದು, ಮುದ್ದೆಮಾಲು ನಂಬರ್ 1. ಅಪ್ಪ ನ್ಯಾಯಾಧೀಶರನ್ನು ನೋಡಲಿಲ್ಲ, ಆರೋಪಿಗಳನ್ನು ನೋಡಲಿಲ್ಲ. ಬಳ್ಳಿಯನ್ನು ನೋಡಿದ. ‘ಎಂಕ್ ಗೊತ್ತುಜ್ಜಿ’ ಅಂದ.

ಅಷ್ಟರಲ್ಲಿ ಪಂಚರೂ ತಿರುಗಿ ನಿಂತಿದ್ದರು. ಹುಡುಗನೊಬ್ಬನ ಮಾತು ಉಳಿಯಿತು. ಸಂಶಯದ ಲಾಭ ಕೊಟ್ಟು ಆರೋಪಿಗಳನ್ನು ಬಿಟ್ಟರು.

ಸಂಶಯದ ಲಾಭ ಅನ್ನುವ ಮಾತು ಕೇಳಿದರೆ ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ನಿಯಮ ಧನಿಗಳಿಗಾಗಿಯೇ ಹುಟ್ಟಿದ್ದು ಅಂದುಕೊಂಡಿದ್ದೆ. ಅದೇ ವರ್ಷ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ವಿಠಲ ಮಲೆಕುಡಿಯರನ್ನು ಬಿಡುಗಡೆ ಮಾಡಿತು. ನಮ್ಮ ಪಕ್ಕದ ಬೆಳ್ತಂಗಡಿಯ ಕುತ್ಲೂರಿನವರು, 2012ರ ಮಾರ್ಚಿನಲ್ಲಿ ಪತ್ರಿಕೋದ್ಯಮ ಓದುವ ಹುಡುಗ. ನಕ್ಸಲ್ ನಂಟು ಅಂತ ಅಪ್ಪನ ಸಮೇತ ಯು.ಎ.ಪಿ.ಎ. ಅಡಿ ಹಿಡಿದರು. ಕೈಕೋಳದಲ್ಲಿ ಪರೀಕ್ಷೆ ಬರೆಸಿದರು. ಸಿಕ್ಕಿದ ಪುರಾವೆ ಭಗತ್ ಸಿಂಗ್ ಪುಸ್ತಕ, ಪತ್ರಿಕೆಯ ತುಂಡುಗಳು, ಚಹಾಪುಡಿ, ಸಕ್ಕರೆ. ಅಂಥ ಪುಸ್ತಕ ಇಟ್ಟುಕೊಳ್ಳುವುದನ್ನು ಯಾವ ಕಾನೂನೂ ನಿಷೇಧಿಸಿಲ್ಲ ಅಂತ ಕೋರ್ಟು ಹೇಳಲಿಕ್ಕೆ ಒಂಬತ್ತೂವರೆ ವರ್ಷ ಬೇಕಾಯಿತು. ಆರೋಪಿ ತನ್ನ ನಿರಪರಾಧ ತೋರಿಸಬೇಕಾಗಿಲ್ಲ, ಸರಕಾರವೇ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಅಪರಾಧ ತೋರಿಸಬೇಕು ಅನ್ನುವ ನಿಯಮ ಇಲ್ಲದಿದ್ದರೆ ಅವರಿಬ್ಬರೂ ಇಂದಿಗೂ ಒಳಗಿರುತ್ತಿದ್ದರು. ಆ ನಿಯಮವನ್ನು ನಾನು ಈಗ ಬೈಯುವುದಿಲ್ಲ. ಬೈಯಬೇಕಾದ್ದು ಬೇರೆಯೇ ಉಂಟು.

ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಏಳು ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟು ಹೋದದ್ದು ಸತ್ಯ, ಸುಟ್ಟವರು ಯಾರೂ ಇಲ್ಲ. ಆ ಹಳ್ಳಿಯ ಸಾಕ್ಷಿಗಳನ್ನು ಹೇಡಿಗಳು ಅಂತ ನಾನು ಒಂದು ಪದ್ಯದಲ್ಲಿ ಬರೆದಿದ್ದೆ. ಆ ಪದ್ಯ ಹರಿದು ಹಾಕಿದ್ದೇನೆ. ಇತ್ತ ಕೊಪ್ಪಳದ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಾಕಿದ ಕೇಸಿನಲ್ಲಿ, ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆಯಾಯಿತು. ಮುಂದಿನ ತಿಂಗಳಲ್ಲೇ ಹೈಕೋರ್ಟಿನಲ್ಲಿ ಬಹುಪಾಲು ಮಂದಿಗೆ ಜಾಮೀನೂ ಸಿಕ್ಕಿತು, ಅದು ಬೇರೆ ಮಾತು. ಅಲ್ಲಿ ಹತ್ತು ವರ್ಷ ಹೆದರದೆ ಕಾದು, ಕಟಕಟೆ ಹತ್ತಿ ಬಾಯಿ ಬಿಟ್ಟವರು ಇದ್ದರು. ಅವರ ಬೆನ್ನಿಗೆ ಯಾರಿದ್ದರು, ಹೇಗೆ ಇದ್ದರು ಅಂತ ನಮ್ಮ ಸಂಘಟನೆಗಳು ಅಲ್ಲಿಗೆ ಹೋಗಿ ಕೇಳಿ ಬರಬೇಕು.

ಅಪ್ಪನ ಜೊತೆ ನಾನು ಒಂದು ಮಳೆಗಾಲ ಮಾತು ಬಿಟ್ಟಿದ್ದೆ. ಧನಿಯ ಹೆದರಿಕೆ, ಅಕ್ಕನ ಮದುವೆಗೆ ತಂದ ಸಾಲ, ಕಾಲನಿಗೆ ಬರುವ ದಾರಿ ಅವರ ಜಾಗದ ಮೇಲೇ ಇರುವುದು, ಇಷ್ಟೇ ಕಾರಣ ಅಂತ ನಾನೇ ತೀರ್ಪು ಕೊಟ್ಟಾಗಿತ್ತು. ಒಂದು ಸಂಜೆ ಅವನೇ ಬಾಯಿ ಬಿಟ್ಟ.

‘ಆ ಬಳ್ಳಿ ನನ್ನದು ಮಗಾ. ಅವರು ಬಳ್ಳಿ ತಾ ಅಂದ್ರು. ಅಡಿಕೆ ಗೋಣಿ ಕಟ್ಲಿಕ್ಕೆ ಅಂತ ಮಾಡಿದೆ. ನಾನೇ ಕೊಟ್ಟದ್ದು.’

ಪೊಲೀಸರಿಗೆ ಅದೊಂದನ್ನು ಅವನು ಹೇಳಿರಲಿಲ್ಲ. ನಾಲ್ಕು ವರ್ಷ, ಖಾಕಿ ಕಂಡಾಗಲೆಲ್ಲ, ನನ್ನನ್ನೂ ಹಿಡಿಯುತ್ತಾರೆ ಅಂತ ನಡುಗಿದ್ದಾನೆ. ಚಾವಡಿಯವರು ಅದನ್ನೇ ಹಿಡಿದು ‘ಬಳ್ಳಿ ಕೊಟ್ಟವನು ನೀನೇ ಒಂದನೇ ಆರೋಪಿ’ ಅಂದಿದ್ದರಂತೆ.

ಸುಳ್ಳು. ಅಪರಾಧಕ್ಕೆ ಕೈ ಒಂದೇ ಸಾಲದು, ಮನಸ್ಸೂ ಬೇಕು ಅನ್ನುವುದು ದಂಡ ಕಾನೂನಿನ ಮೊದಲ ಪಾಠ. ನೆರವು ಕೊಟ್ಟವನೂ ತಪ್ಪಿತಸ್ಥ ಅಂತ ಆಗಿನ 107, ಈಗಿನ ಭಾರತೀಯ ನ್ಯಾಯ ಸಂಹಿತೆಯ 45, ಹೇಳುವುದು ನಿಜ. ಆದರೆ ತಿಳಿದು, ಬೇಕೆಂದು ನೆರವಾಗಿರಬೇಕು. ಎಂತಕ್ಕೆ ಅಂತ ತಿಳಿಯದೆ ಬಳ್ಳಿ ಕೊಟ್ಟ ಕೂಲಿಯವನು ಆರೋಪಿಯಲ್ಲ, ಸಾಕ್ಷಿ. ಅದೂ ಒಳ್ಳೆಯ ಸಾಕ್ಷಿ. ಈ ನಾಲ್ಕು ಸಾಲು ಅಪ್ಪನಿಗೆ ಹೇಳಲಿಕ್ಕೆ ಐದು ನಿಮಿಷ ಸಾಕಿತ್ತು. ಪುಕ್ಕಟೆ ವಕೀಲರೂ ಇದ್ದರು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ನಮ್ಮವರ ಆದಾಯವನ್ನೂ ಕೇಳುವ ಹಾಗಿಲ್ಲ. ನಾನು ರಾತ್ರಿಯಿಡೀ ತಲೆ ಎತ್ತಿ ನಿಲ್ಲು ಅಂತ ಪಾಠ ಹೇಳಿದೆ. ನಿನಗೆ ಎಂತದು ಹೆದರಿಕೆ ಅಂತ ಒಮ್ಮೆಯೂ ಕೇಳಲಿಲ್ಲ.

ಈಗ ಸಂಹಿತೆಗಳ ಹೆಸರು, ನಂಬರು ಬದಲಾಗಿವೆ, 2024ರ ಜುಲೈ 1ರಿಂದ. ಸುಳ್ಯದಿಂದ ಹೊರಟ ಕಲ್ಯಾಣಸ್ವಾಮಿಯ ದಂಡು ಮಂಗಳೂರು ಹೊಕ್ಕಿ, ಕೊನೆಗೆ ಕಂಪೆನಿಯವರು ಹಿಡಿದವರನ್ನು ನೇಣಿಗೆ ಹಾಕಿದ 1837ರಲ್ಲೇ ಮೆಕಾಲೆ ಹಳೆಯ ಸಂಹಿತೆಯ ಕರಡು ಒಪ್ಪಿಸಿದ್ದನಂತೆ. ಅದು ಹೋಯಿತು. ಚಾವಡಿ ಇದ್ದಲ್ಲೇ ಉಂಟು.

ಆ ಹುಡುಗ ಈಗ ಬೆಂಗಳೂರಿನಲ್ಲಿ ಹೋಟೆಲು ಕೆಲಸಕ್ಕಿದ್ದಾನೆ. ಜಾತ್ರೆಗೆ ಬಂದಾಗ ಅಪ್ಪನನ್ನು ಮಾತಾಡಿಸುತ್ತಾನೆ. ನನ್ನನ್ನು ಮಾತಾಡಿಸುವುದಿಲ್ಲ. ಕೇಸು ಗೆಲ್ಲಿಸುತ್ತೇನೆ ಅಂತ ಅವನಿಗೆ ಹೇಳಿದ್ದವನು ನಾನು. ಹೈಕೋರ್ಟಿಗೆ ಮೇಲ್ಮನವಿ ಹಾಕಲಿಕ್ಕೆ ತೊಂಬತ್ತು ದಿನ ಇತ್ತು. ಯಾರೂ ಹೋಗಲಿಲ್ಲ.

ತೀರ್ಪಿನ ನಕಲು ನನ್ನ ಹತ್ತಿರ ಉಂಟು. ಕೊನೆಯ ಪುಟದಲ್ಲಿ, ಆರೋಪಿಗಳ ಬಿಡುಗಡೆಯ ಕೆಳಗೆ, ಒಂದು ಸಾಲು: ಮುದ್ದೆಮಾಲು ನಂಬರ್ 1, ಬಳ್ಳಿ, ಬೆಲೆಯಿಲ್ಲದ ವಸ್ತುವಾದ್ದರಿಂದ ಮೇಲ್ಮನವಿಯ ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು. ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಟ್ಟಿ ಬಳ್ಳಿ ಅದು, ಪುತ್ತೂರು ಸಂತೆಯಲ್ಲಿ ತಂದದ್ದು’ ಅಂದ.