ಅಪ್ಪನ ಕ್ಷೌರದ ಕತ್ತಿ



ಐವತ್ತು ದಾಟಿದವನೊಬ್ಬ ಮುಖಕ್ಷೌರವನ್ನು ಹೊಸದಾಗಿ ಕಲಿಯಹೊರಟರೆ ನಿಮಗೆ ನಗು ಬಂದೀತು. ಗುರುನಿವಾಸದ ಅಡುಗೆಯವರೂ ನಕ್ಕರು. ಆದರೆ ಈ ಕಲಿಕೆಯ ಹಿಂದೆ ನಾನು ತೀರಿಸಲಾರದ ಸಾಲವೊಂದಿದೆ.

ನನ್ನ ತಂದೆ ಕೃಷಿಕರು. ಪ್ರತಿ ಭಾನುವಾರ ಬಲಿಪೂಜೆಗೆ ಹೊರಡುವ ಮುನ್ನ ಜಗಲಿಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಮಡಚುವ ಉದ್ದನೆಯ ಕತ್ತಿಯಿಂದ ತಾವೇ ಗಡ್ಡ ಹೆರೆದುಕೊಳ್ಳುತ್ತಿದ್ದರು. ಕೊನೆಯ ವರ್ಷ ಅವರ ಕೈ ನಡುಗತೊಡಗಿತು. ರಜೆಗೆಂದು ಊರಿಗೆ ಹೋಗಿದ್ದಾಗ ಕತ್ತಿಯನ್ನು ನನ್ನ ಕೈಗಿತ್ತು, "ಇದರಲ್ಲೇ ಒಮ್ಮೆ ಮಾಡು ಮಗಾ" ಎಂದರು. ನನಗೆ ಭಯವಾಯಿತು. ಭಯವನ್ನು ಒಪ್ಪಿಕೊಳ್ಳುವ ಬದಲು, "ಈ ಕಾಲದಲ್ಲಿ ಇದನ್ನು ಯಾರು ಮುಟ್ಟುತ್ತಾರಪ್ಪಾ? ಗುಜರಿಗೆ ಹಾಕಿ" ಎಂದುಬಿಟ್ಟೆ. ಬಳಸಿ ಬಿಸಾಡುವ ರೇಜರಿನಿಂದ ಕೆಲಸ ಮುಗಿಸಿದೆ. ಅವರು ಮಾತನಾಡದೆ ಕೆನ್ನೆಯೊಡ್ಡಿದರು. ಐವತ್ತೆರಡನೆಯ ಕೀರ್ತನೆ ನಾಲಿಗೆಯನ್ನು ಕ್ಷೌರದ ಕತ್ತಿಗೆ ಹೋಲಿಸುತ್ತದೆ. ಅಂದು ಅಪ್ಪನನ್ನು ಗಾಯಗೊಳಿಸಿದ್ದು ಯಾವ ಅಲಗೆಂಬುದು ನನಗೆ ಗೊತ್ತು.

ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಆ ಕತ್ತಿ ಸಿಕ್ಕಿತು. ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದರಿಂದ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಹಿಡಿಯ ಬಳಿ ಜರ್ಮನಿಯ ಸೋಲಿಂಗೆನ್ ಪಟ್ಟಣದ ಹೆಸರು ಕೊರೆದಿತ್ತು. ಇಂಗ್ಲೆಂಡಿನ ಶೆಫೀಲ್ಡಿನಂತೆ ಅದೂ ಇಂಥ ಕತ್ತಿಗಳಿಗೆ ಹೆಸರಾದ ಊರು. 1903ರಲ್ಲಿ ಅಮೆರಿಕದ ಜಿಲೆಟ್ ಅವರ ಬಿಸಾಡುವ ಬ್ಲೇಡು ಮಾರುಕಟ್ಟೆಗೆ ಬಂದ ಮೇಲೆ ಇವು ಕ್ರಮೇಣ ಮನೆಗಳಿಂದ ಮರೆಯಾದವು.

ಪೇಟೆಯ ಹಿರಿಯ ಕ್ಷೌರಿಕರೊಬ್ಬರ ಬಳಿ ಹೋದೆ. ರಕ್ತದಿಂದ ಹರಡುವ ರೋಗಗಳ ಭಯದಿಂದ ಅಂಗಡಿಯಲ್ಲಿ ಅವರೂ ಈಗ ಪ್ರತಿಯೊಬ್ಬರಿಗೂ ಹೊಸ ಬ್ಲೇಡನ್ನೇ ಹಾಕುತ್ತಾರೆ. "ಇದು ನಿಮ್ಮೊಬ್ಬರ ಮುಖಕ್ಕೆ ಮಾತ್ರ" ಎಂದು ಎಚ್ಚರಿಸಿಯೇ ಪಾಠ ಆರಂಭಿಸಿದರು. ಸಾಣೆಕಲ್ಲಿನ ಮೇಲೆ ಕತ್ತಿಯ ಬಾಯಿ ಮುಂದಾಗಿ ಚಲಿಸಬೇಕು. ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಬೇಕು. ಪಟ್ಟಿಯ ತುದಿಯಲ್ಲಿ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಬೇಕು. ನಾನು ಮರೆತು ಬಾಯಿಯ ಕಡೆಗೆ ಹೊರಳಿಸಿ, ಮೊದಲ ದಿನವೇ ಪಟ್ಟಿಯನ್ನು ಸೀಳಿದೆ.

ಬಿಸಿನೀರಿನಿಂದ ಮುಖವನ್ನು ಎರಡು ಮೂರು ನಿಮಿಷ ನೆನೆಸಿದರೆ ಕೂದಲು ಮೃದುವಾಗುತ್ತದೆ. ಬಳಿಕ ಕುಂಚದಿಂದ ದಟ್ಟ ನೊರೆ ಹಚ್ಚಬೇಕು. ಕೂದಲು ಯಾವ ದಿಕ್ಕಿಗೆ ಬೆಳೆದಿದೆಯೆಂದು ಮೊದಲೇ ಅಂಗೈಯಿಂದ ಸವರಿ ತಿಳಿದುಕೊಂಡು, ಆ ದಿಕ್ಕಿನಲ್ಲೇ ಕತ್ತಿ ಎಳೆಯಬೇಕು. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ವಾಲಿಸಿ, ಚಿಕ್ಕ ಚಿಕ್ಕ ಎಳೆತಗಳಲ್ಲಿ ಸಾಗಬೇಕು. ಅಲಗಿನ ಉದ್ದದ ದಿಕ್ಕಿನಲ್ಲಿ ಜಾರಿಸಿದರೆ ಗಾಯ ಖಂಡಿತ. "ಕತ್ತಿಗೆ ತನ್ನದೇ ಭಾರವಿದೆ ಫಾದರ್, ನೀವು ಒತ್ತಬೇಡಿ" ಎಂದರು ಆ ಹಿರಿಯರು.

ಮೊದಲ ಮೂರು ವಾರ ಕೆನ್ನೆಗಳಿಗಷ್ಟೇ ಕತ್ತಿ, ಉಳಿದದ್ದಕ್ಕೆ ರೇಜರು. ಗಲ್ಲದ ತಿರುವಿಗೆ ಬಂದ ದಿನ ಎರಡು ಕಡೆ ರಕ್ತ ಜಿನುಗಿತು. ಪಟಿಕದ ತುಂಡನ್ನು ಒತ್ತಿಕೊಂಡು ಕನ್ನಡಿಯ ಮುಂದೆ ನಿಂತಾಗ ಅಪ್ಪನ ನೆನಪಾಯಿತು. ಅಂದು ನಾನು ಅವರ ಮುಖಕ್ಕೆ ಈ ಕತ್ತಿ ಹಿಡಿಯದೆ ಇದ್ದದ್ದು ಸರಿಯೇ. ಕಲಿಯದ ಕೈ ಅದು. ತಪ್ಪಿದ್ದು ಮಾತು. "ನನಗೆ ಬರುವುದಿಲ್ಲಪ್ಪಾ, ಹೇಗೆಂದು ಹೇಳಿಕೊಡಿ" ಎಂದಿದ್ದರೆ ಸಾಕಿತ್ತು. ನಡುಗುವ ಕೈಯವರಿಗೂ ಹೇಳಿಕೊಡಲು ಬಾಯಿತ್ತು, ಬಹುಶಃ ಆಸೆಯೂ ಇತ್ತು.

ಈಗ ಶನಿವಾರ ಸಂಜೆ ಅರ್ಧ ಗಂಟೆ ಈ ಕೆಲಸಕ್ಕೆ ಮೀಸಲು. ಮುಗಿದ ಮೇಲೆ ಕತ್ತಿಯನ್ನು ತೊಳೆದು, ಚೆನ್ನಾಗಿ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಅಪ್ಪನ ಬಟ್ಟೆಯಲ್ಲೇ ಸುತ್ತಿಡುತ್ತೇನೆ.

ನೀವೆಲ್ಲರೂ ಕ್ಷೌರದ ಕತ್ತಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯ ಹಿರಿಯರು ಹಳೆಯ ವಸ್ತುವೊಂದನ್ನು ಕೈಗಿತ್ತು ಏನಾದರೂ ಕೇಳಿದರೆ, ದಯವಿಟ್ಟು ನಾನು ಕೊಟ್ಟ ಉತ್ತರವನ್ನು ಕೊಡಬೇಡಿ. ಅವರ ಬಳಿ ಒಂದು ಗಳಿಗೆ ಕುಳಿತು, ಹೇಗೆಂದು ಕೇಳಿ.